ಎಡಗಡೆ ಗಾಲಿಯ ಐದು ನಟ್ಟು

ಬೇಡಕಿಹಾಳ
ರವಿವಾರ, ೨೨ ಸೆಪ್ಟೆಂಬರ್ ೨೦೨೪

ಪ್ರೀತಿಯ ಗ್ಯಾನೂಗೆ,

ನಿನ್ನ ದುಂಡೇಶನ ನಮಸ್ಕಾರ, ಜಯಭೀಮ, ಜೊತೆಗೆ ತಡವಾದದ್ದಕ್ಕೆ ಒಂದು ಕ್ಷಮಾಪಣೆ. ಎಲ್ಲರೂ 'ಎಂಟು ದಿನ ತಡವಾಯಿತು, ಕೆಲಸದ ಗದ್ದಲ' ಎಂದು ಬರೆಯುತ್ತಾರೆ. ನನ್ನದು ಇಪ್ಪತ್ತೊಂದು ವರ್ಷದ ತಡ. ಅಷ್ಟು ದೊಡ್ಡ ಗದ್ದಲ ಯಾವ ಕಾಲೇಜಿನಲ್ಲೂ ಇರುವುದಿಲ್ಲ. ನನ್ನ ಕನ್ನಡ ತಾಸಿಗಂತೂ ಗದ್ದಲ ಮಾಡಲಿಕ್ಕೂ ಹುಡುಗರು ಬರುವುದಿಲ್ಲ. ಅಂಚೆಯವರ ಮೇಲೆ ಹಾಕೋಣವೆಂದರೆ, ಬರೆಯದೇ ಇದ್ದ ಪತ್ರವನ್ನು ಪಾಪ ಅವರು ಹೇಗೆ ಮುಟ್ಟಿಸಿಯಾರು?

ನಿನ್ನ ವಿಳಾಸ ಕೊಟ್ಟವಳು ನಿನ್ನ ಮಗಳು. ಅವ್ವನ ಆಧಾರ್ ಕಾರ್ಡಿನಲ್ಲಿ ಲಕ್ಕವ್ವ ಹೋಗಿ 'ಲೆಕ್ಕವ್ವ' ಆಗಿದ್ದಾಳೆ. ಆ ನಿರಾಧಾರ ಆಧಾರವನ್ನು ತಿದ್ದಿಸಲು ಹೋದ ವಾರ ಚಿಕ್ಕೋಡಿಯ ಕಚೇರಿಗೆ ಹೋಗಿದ್ದೆ. ಮೇಜಿನ ಆಚೆ ಕೂತಿದ್ದ ಹುಡುಗಿ ಕಾಗದದ ಮೇಲಿನ ಊರು ನೋಡಿ ತಲೆಯೆತ್ತಿದಳು.

"ಬೇಡಕಿಹಾಳದ ದುಂಡೇಶ ಮಾಸ್ತರ ಅಂದ್ರ ನೀವ ಏನ್ರಿ? ನಾ ಸಪನಾ ರೀ, ಗ್ಯಾನದೇವ ಮಿಸ್ತ್ರಿ ಮಗಳು."

ಮೂರು ವರ್ಷದವಳಿದ್ದಾಗ ನನ್ನ ಕನ್ನಡಕ ಮುರಿದಿದ್ದಳು. ಈಗ ಅವಳಿಗೇ ಕನ್ನಡಕ ಬಂದಿದೆ. ಅಪ್ಪ ಹೇಗಿದ್ದಾನೆ ಎಂದು ಕೇಳಿದೆ.

"ಆರಾಮ ಇದ್ದಾನ್ರಿ. ಕಿವಿ ಅಷ್ಟ ಮಂದ ಆಗ್ಯಾವ. ಫೋನ ಹಚ್ಚಬ್ಯಾಡ್ರಿ, ನೀವು ಚಿಕ್ಕೋಡಿ ಅಂದ್ರ ಅಂವ ಕೊಲ್ಲಾಪುರ ಅಂತಾನ. ಪತ್ರ ಬರೀರಿ. ಇಚಲಕರಂಜ್ಯಾಗ ಕನ್ನಡ ಓದಾಕ ಸಿಗೂದಿಲ್ಲಂತ ಹಳೇ ಕ್ಯಾಲೆಂಡರ ಓದ್ಕೋತ ಕುಂಡ್ರತಾನ."

ಇಬ್ಬರೂ ನಕ್ಕೆವು. ನಗು ಮುಗಿದ ಮೇಲೆ ಅವಳು ಇನ್ನೊಂದು ಮಾತು ಹೇಳಿದಳು. "ಇಂಜಿನ್ ಕೆಲಸ ಅಂದ್ರ ಊರ ಮಂದಿ ಎಲ್ಲಾ ನಮ್ಮಪ್ಪನ ಕಡೇನ ಬರ್ತಾರ್ರಿ. ಆದ್ರ ಗಾಲಿ ಮುಟ್ಟೂದಿಲ್ಲ. ಗಾಲಿ ಬಿಚ್ಚೂದು ಹಾಕೂದು ಇದ್ರ ಬ್ಯಾರೇದವರನ್ನ ಕರೀತಾನ. ಯಾಕಪ್ಪಾ ಅಂದ್ರ, 'ನನ್ನ ಕೈ ಮರೀತೈತಿ' ಅಂತಾನ."

ಅವ್ವನ ಹೆಸರು ತಿದ್ದಿಸಿಕೊಳ್ಳದೆಯೇ ಕಚೇರಿಯ ಮೆಟ್ಟಿಲಿಳಿದು ಬಂದೆ. ಅವಳಿನ್ನೂ ಲೆಕ್ಕವ್ವನಾಗಿಯೇ ಇದ್ದಾಳೆ.

ಇರಲಿ. ಬರೆಯಲು ಕಾರಣ ನಮ್ಮ ಜೀಪು. ಕಬ್ಬಿನ ಶೆಡ್ಡಿನ ಹಿಂದೆ ಇನ್ನೂ ನಿಂತಿದೆ. ನಾಯಿ ಅದರೊಳಗೆ ನಾಲ್ಕು ಸಲ ಮರಿ ಹಾಕಿದೆ, ಕೋಳಿಗಳು ಡ್ರೈವರ್ ಸೀಟಿನಲ್ಲಿ ಕಾವು ಕೂತಿವೆ. ಮೊನ್ನೆ ಧರೆಪ್ಪಣ್ಣ, "ಕಬ್ಬಿನ ಹಂಗಾಮ ಚಾಲೂ ಆಗೂದ್ರಾಗ ಟ್ರೇಲರ ನಿಂದ್ರಸಾಕ ಜಾಗಾ ಬೇಕು. ಇದನ್ನ ಭಂಗಾರಕ್ಕ ಹಾಕೂಣು" ಎಂದ. ಮರಾಠಿಯವರ ಗುಜರಿಗೂ ನಮ್ಮ ಚಿನ್ನಕ್ಕೂ ನಡುವೆ ಇರುವುದು ಒಂದು ಉಸಿರಿನ ಅಂತರ. ಒಳಗಿನಿಂದ ಅವ್ವ ಕೂಗಿದಳು: "ಜೀಪಿಗಿ ಯಾಕ್ರೋ ಬಂಗಾರ? ನನ್ನ ಕೊಳ್ಳಾಗಿಂದಕ್ಕ ಕೈ ಹಚ್ಚೀರಿ ನೋಡ್ರಿ!"

ನಾನು ಅಣ್ಣನಿಗೆ, ಹಂಗಾಮಿನೊಳಗೆ ಅದನ್ನು ತನ್ನ ಗಾಲಿಯ ಮೇಲೆ ತಾನೇ ಉರುಳುವಂತೆ ಮಾಡಿಕೊಡುತ್ತೇನೆ ಎಂದೆ.

"ನೀ?" ಎಂದ ಅಣ್ಣ. "ನಟ್ಟು ಬಿಚ್ಚೂ ಪಾನಾ ಯಾವ ಕಡಿಂದ ಹಿಡೀತಾರ ಅನ್ನೂದರ ಗೊತ್ತೈತೇನ?"

ಮೂರು ಗಾಲಿ ಹೇಗೋ ಅಲ್ಲಾಡಿದವು. ಅಲ್ಲಾಡದೇ ಇದ್ದದ್ದು ಮುಂದಿನ ಎಡಗಡೆ ಗಾಲಿ. ಆ ಮಂಗಳವಾರ ಅವ್ವನನ್ನು ಕೊಕಟನೂರ ಎಲ್ಲಮ್ಮನಿಗೆ ಕರೆದುಕೊಂಡು ಹೊರಟಾಗ, ಏಕಸಂಬಿ ದಾಟಿದ ಮೇಲೆ ಕಳಚಿಕೊಂಡು ನಮಗಿಂತ ಮುಂದಾಗಿ ದೇವಿಯ ದರ್ಶನಕ್ಕೆ ಓಡಿತಲ್ಲ, ಆ ಗಾಲಿಯ ಜಾಗ. ಅವ್ವನ ಸೊಂಟ ಮುರಿದದ್ದು, ಹಿಂದಿನ ದಿನವಷ್ಟೇ ನೀನು ಬ್ರೇಕಿನ ಕೆಲಸಕ್ಕೆ ನಾಲ್ಕೂ ಗಾಲಿ ಬಿಚ್ಚಿ ಹಾಕಿದ್ದು, ಅಣ್ಣ ನಿನ್ನ ಗ್ಯಾರೇಜಿನ ಮುಂದೆ ನಿಂತು ಆಡಬಾರದ್ದನ್ನು ಆಡಿದ್ದು, ಇದನ್ನೆಲ್ಲ ನಿನಗೆ ನಾನು ನೆನಪಿಸಬೇಕಿಲ್ಲ. ಆ ದಿನ ಐದು ಬೋಲ್ಟಿನಲ್ಲಿ ಮೂರು ಮುರಿದಿದ್ದವು. ಉಳಿದೆರಡರ ನಟ್ಟುಗಳನ್ನು ರಸ್ತೆಬದಿಯ ಕಬ್ಬಿನಲ್ಲಿ ಹುಡುಕಿ ತಂದು, ಸ್ಟೆಪ್ನಿ ಗಾಲಿ ಹಾಕಿ, ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದಿದ್ದರು. ಆ ಎರಡು ನಟ್ಟು ಇಪ್ಪತ್ತೊಂದು ಮಳೆಗಾಲ ಕುಡಿದು ಈಗ ನೆಟ್ಟಗೆ ನಟ್ಟು ಕೂತಿವೆ. ಮೂವತ್ತು ವರ್ಷ ಲೋಪ, ಆಗಮ, ಆದೇಶ ಎಂದು ಸಂಧಿ ಬಿಡಿಸಿದವನಿಗೆ ಈ ಒಂದು ಸಂಧಿ ಬಿಡುತ್ತಿಲ್ಲ. ಎಲ್ಲ ನಟ್ಟಿನಂತೆ ಎಡಕ್ಕೆ ತಿರುವುತ್ತೇನೆ, ಪಾನಾದ ಮೇಲೆ ಹತ್ತಿ ನಿಂತೇ ತಿರುವುತ್ತೇನೆ. ಇನ್ನಷ್ಟು ಬಿಗಿಯಾಗುತ್ತವೆ. ನನ್ನ ಹೆಂಡತಿ ರಾಜೇಶ್ವರಿ ನೋಡಿ, "ಪಾನಾ ಹಿಡದಾವ್ರು ಪಾನ ಮಾಡಿದಾವ್ರಗತೆ ಯಾಕ ಜೋಲಿ ಹೊಡ್ಯಾಕತ್ತೀರಿ?" ಎಂದಳು. ಮೂವತ್ತು ವರ್ಷ ನನ್ನ ಜೊತೆ ಇದ್ದು ಅವಳೂ ಕೆಟ್ಟಿದ್ದಾಳೆ.

ಏನು ಮಾಡಬೇಕು ಬರಿ. ಮನೆಯಲ್ಲಿ ಸುಂದರಾಬಾಯಿಗೆ ನನ್ನ ನಮಸ್ಕಾರ ಹೇಳು.

ನಿನ್ನ,
ದುಂಡೇಶ

ತಾ.ಕ.: ಯಾರಿಗೆ ಬರೆಯುತ್ತಿದ್ದೇನೆ ಎಂದು ಅವ್ವ ಕೇಳಿದಳು. ಹೇಳಿದೆ. ಅವಳು ಬರೆಸಿದ್ದು: "ಅವನ ಕೈಲೆ ಹಾಕಿದ ಗಾಲಿ ಬಿಚ್ಚೂದಿಲ್ಲಂತ ನಾ ಆಗೂ ಅಂದಿದ್ದೆ, ಈಗೂ ಅಂತೀನಿ."


ಬೇಡಕಿಹಾಳ
ರವಿವಾರ, ೧೩ ಅಕ್ಟೋಬರ್ ೨೦೨೪

ಪ್ರೀತಿಯ ಗ್ಯಾನೂ,

ನಿನ್ನ ಕಾರ್ಡು ಬಂತು. ಜಯಭೀಮ ಬಿಟ್ಟರೆ ಏಳು ಸಾಲು. ಮೂರು ವರ್ಷಕ್ಕೊಂದು ಸಾಲಿನಂತೆ ಸರಿಯಾಗಿಯೇ ಇದೆ. ನಮ್ಮ ಹುಡುಗರಿಗೆ ಸಂಕ್ಷೇಪ ಲೇಖನ ಕಲಿಸುವಾಗ ಇನ್ನು ಮುಂದೆ ನಿನ್ನದೇ ಉದಾಹರಣೆ:

"ಎಡಗಡೆ ಗಾಲಿದು ಉಲ್ಟಾ ಆಟೆ, ಬಿಚ್ಚಾಕ ಬಲಕ್ಕ ತಿರವು. ಬೋಲ್ಟಿನ ತುದಿಗೆ ಇಂಗ್ಲೀಷ ಎಲ್ ಅಂತ ಹೊಡದಿರತಾರ, ತಿಕ್ಕಿ ನೋಡು. ಡಿಸೇಲಿನ್ಯಾಗ ಆಯಿಲ್ ಕೂಡಿಸಿ ಮೂರು ದಿನ ಮುಂಜಾನೆ ಸಂಜಿ ಹಾಕು. ಕಾಸೂದಿದ್ರ ನಟ್ಟು ಕಾಸು, ಬೋಲ್ಟ್ ಕಾಸಬ್ಯಾಡ. ಬಿಚ್ಚೂಕಿಂತ ಮೊದಲ ಕೂದಲೆಳಿಯಷ್ಟು ಬಿಗಿ ಮಾಡು, ಆಮ್ಯಾಲ ಬಿಚ್ಚು. ಹತೋಡಿಲೆ ಬಡಿ, ಆದ್ರ ಸಿಟ್ಟಿಲೆ ಬ್ಯಾಡ, ಮಲಗಿದವರನ್ನ ಎಬ್ಬಿಸಿದಂಗ ಬಡಿ. ಲಕ್ಕವ್ವಾಯಿಗೆ ನಮಸ್ಕಾರ."

ನಾನು ಮೂರು ಪುಟ ಬರೆದದ್ದರಲ್ಲಿ ನೀನು ಓದಿದ್ದು ನಟ್ಟಿನ ವಿಷಯ ಮಾತ್ರವೇನೋ. ಹೇಗಿದ್ದೀ, ಯಾಕೆ ಬರೆದೆ, ಒಂದು ಮಾತೂ ಇಲ್ಲ. ಆಗಲಿ, ಮಿಸ್ತ್ರಿ ಮಾತಾಡುವುದು ಕೈಯಿಂದ.

ಎಡಗಡೆ ಗಾಲಿಯ ಬೋಲ್ಟಿನ ಆಟೆಯೇ, ಅಂದರೆ ಸುರುಳಿಯೇ, ಬೇರೆ ಎಂದು ನಿನ್ನ ಕಾರ್ಡಿನಿಂದ ಗೊತ್ತಾಯಿತು. ಗಾಲಿ ತಿರುಗುವ ರಭಸಕ್ಕೆ ನಟ್ಟು ತಾನಾಗಿ ಸಡಿಲಾಗಬಾರದೆಂದು ಹಳೆಯ ಜೀಪುಗಳಲ್ಲಿ ಆ ಬದಿಯ ಸುರುಳಿಯನ್ನು ತಿರುಗಾಮುರುಗಾ ಕೆತ್ತಿರುತ್ತಾರಂತೆ. ಮುಂದಿನ ಜೂನಿನಲ್ಲಿ ನಿವೃತ್ತಿಯಾಗುವವನಿಗೆ ಹೊಸ ಪಾಠ. ತಂತಿಯ ಬ್ರಷ್ಷಿನಿಂದ ತಿಕ್ಕಿದೆ. ತುಕ್ಕಿನ ಕೆಳಗಿನಿಂದ ಎಲ್ ಎದ್ದು ಬಂತು.

ಮೂರು ದಿನ ಮುಂಜಾನೆ ಸಂಜೆ ಎಣ್ಣೆ ಹಾಕಿದೆ. ರಾಜೇಶ್ವರಿ, "ನನ್ನ ತಲಿಗಿ ಇಷ್ಟು ಪ್ರೀತಿಲೆ ಒಮ್ಮೇನೂ ಎಣ್ಣಿ ಹಚ್ಚಿಲ್ಲ" ಎಂದಳು. ಬಿಚ್ಚುವ ಮೊದಲು ಸ್ವಲ್ಪ ಬಿಗಿ ಮಾಡಬೇಕು ಎನ್ನುವ ನಿನ್ನ ಮಾತು ಓದಿ ಹೇಳಿದಾಗ, "ಇದು ಮದುವ್ಯಾಗ ನಮ್ಮವ್ವ ನನ್ನ ಕಿವ್ಯಾಗ ಹೇಳಿ ಕಳಿಸಿದ ಮಾತ ಐತಲ್ಲ!" ಎಂದು ನಕ್ಕಳು. ನಾಲ್ಕನೆಯ ದಿನ ನಟ್ಟು ಕಾಸಿ, ಮಲಗಿದವರನ್ನು ಎಬ್ಬಿಸಿದಂತೆ ಸುತ್ತಲೂ ಬಡಿದು, ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಬಲಕ್ಕೆ ತಿರುವಿದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಹಳೆಯ ಬಾಗಿಲಿನಂತೆ ಕಿರ್ರೆಂದು ಒಂದು ಸುತ್ತು ಬಂತು. ಕೆಂಪು ಪುಡಿ ಉದುರಿತು. ನಟ್ಟು ಅಂಗೈಯಲ್ಲಿ ಬಿಸಿಬಿಸಿಯಾಗಿ ಕೂತಾಗ ನಾನು ಕೂಗಿದ ಕೂಗಿಗೆ ಕೋಳಿಗಳು ಸೀಟು ಬಿಟ್ಟು ಓಡಿದವು.

ಅಣ್ಣ ಬಂದ. ನಿಪ್ಪಾಣಿ ತಂಬಾಕು ಅಂಗೈಯಲ್ಲಿ ತಿಕ್ಕುತ್ತ ಸ್ವಲ್ಪ ಹೊತ್ತು ನೋಡಿದ.

"ಯಾರ ಹೇಳಿಕೊಟ್ರು?"

"ಗ್ಯಾನು. ಕಾರ್ಡ ಬರದಾನ."

ಅವನ ತಿಕ್ಕುವ ಬೆರಳು ನಿಂತಿತು. "ಅಂವಿನ್ನೂ ಈ ಕೆಲಸಾ ಮಾಡ್ತಾನ?" ಎಂದ. ಉತ್ತರಕ್ಕೆ ನಿಲ್ಲದೆ ಹೋದ. ಮರುದಿನ ಮುಂಜಾನೆ ಗಾಲಿಯ ಪಕ್ಕದಲ್ಲಿ ಅರ್ಧ ಕ್ಯಾನು ಡಿಸೇಲು ಇತ್ತು. ಇಟ್ಟದ್ದು ತಾನೆಂದು ಮನೆಯಲ್ಲಿ ಯಾರೂ ಒಪ್ಪಿಕೊಂಡಿಲ್ಲ.

ಎರಡನೆಯ ನಟ್ಟಿಗೆ ನನಗೆ ಸೊಕ್ಕು ಬಂದಿತ್ತು. ಬಿಗಿ ಮಾಡುವುದನ್ನು ಮರೆತು ನೇರವಾಗಿ ಬಿಚ್ಚಲು ಹೋದೆ. ಬೋಲ್ಟು ಕಡ್ಡಿಯಂತೆ ಮುರಿದು ನಟ್ಟಿನ ಸಮೇತ ಕೈಗೆ ಬಂತು. ಅಂತೂ ಗಾಲಿ ಕಳಚಿದೆ. ನೀನು ಪಕ್ಕದಲ್ಲಿದ್ದರೆ, "ಮಾಸ್ತರ, ನಿನ್ನ ಕೈಯಾಗ ಬೋರ್ಡಿನ ಖಡು ಕೊಡಬೇಕು, ಪಾನಾ ಅಲ್ಲ" ಎನ್ನುತ್ತಿದ್ದೆ.

ನಾನು ಮುರಿದದ್ದರ ಬುಡ ಹೊರಗೆ ಉದ್ದ ಉಳಿದಿದೆ, ಅದು ಬಂದೀತು. ಈಗ ಇರುವ ತೊಂದರೆ, ಆ ದಿನ ಮುರಿದ ಮೂರು ಬೋಲ್ಟಿನ ತುಂಡುಗಳು ಗಾಲಿ ಕೂರುವ ಗುಂಬದೊಳಗೆ ಕಚ್ಚಿಕೊಂಡು ಕೂತದ್ದು. ಹೊರಗೆ ಅರ್ಧ ಬೆರಳಿನಷ್ಟೂ ಕಾಣುವುದಿಲ್ಲ. ಪಾನಾಕ್ಕೂ ಸಿಗುವುದಿಲ್ಲ, ಇಕ್ಕಳಕ್ಕೂ ಸಿಗುವುದಿಲ್ಲ. ಅವನ್ನು ತೆಗೆಯುವುದು ಹೇಗೆ? ಅಥವಾ ನೀನೇ ಒಮ್ಮೆ ಬರುತ್ತೀಯಾ? ಇಚಲಕರಂಜಿಯಿಂದ ನಮ್ಮೂರು ದೂರವೇನಲ್ಲ. ದೂರ ಮಾಡಿಕೊಂಡದ್ದು.

ನಿನ್ನೆ ದಸರೆ. ಖಂಡೆ ಪೂಜೆಗೆ ಈ ಸಲ ಪಾನಾವನ್ನೂ ಇಟ್ಟಿದ್ದೆ. ನಿಮ್ಮ ಕಡೆ ಧಮ್ಮದೀಕ್ಷೆಯ ದಿನವೂ ಹೌದಲ್ಲ, ಹೇಗೆ ಮಾಡಿದಿರಿ? ಲಕೋಟೆಯಲ್ಲಿ ಎರಡೆಲೆ ಬನ್ನಿ ಇಟ್ಟಿದ್ದೇನೆ. ನೀನು ಪೂಜೆ ಬಿಟ್ಟಿದ್ದೀ ಎಂದು ಗೊತ್ತು. ಇದು ಪೂಜೆಯದಲ್ಲ, ಗೆಳೆತನದ್ದು. ನಾವಿಬ್ಬರೂ ಭಂಗಾರ ಆಗುವ ಮೊದಲು ಬಂಗಾರದಂತೆ ಇರೋಣ.

ನಿನ್ನ,
ದುಂಡೇಶ

ತಾ.ಕ.: ಅವ್ವ ಈಗ ದಿನಾಲೂ ಸಂಜೆ ಕೋಲು ಊರಿಕೊಂಡು ಶೆಡ್ಡಿನ ತನಕ ಬರುತ್ತಾಳೆ. ಹತ್ತು ಹೆಜ್ಜೆಗೆ ಒಮ್ಮೆ ನಿಲ್ಲುತ್ತಾಳೆ. ಬರಬೇಡ ಎಂದರೆ ಕೇಳುವುದಿಲ್ಲ.


ಬೇಡಕಿಹಾಳ
ರವಿವಾರ, ೧೦ ನವೆಂಬರ್ ೨೦೨೪

ಪ್ರೀತಿಯ ಗ್ಯಾನೂ,

ಮತ್ತೆ ತಡವಾಯಿತು. ನಿನ್ನ ಎರಡನೆಯ ಕಾರ್ಡು ದೀಪಾವಳಿಗೆ ಒಂದು ವಾರ ಮೊದಲೇ ಕೈಸೇರಿತ್ತು. ಹದಿನೈದು ದಿನ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದ್ದೇನೆ. ಮೂಲೆಗಳು ಮೆತ್ತಗಾಗಿವೆ. ಅದರ ಮಾತನ್ನು ನಾನಿಲ್ಲಿ ಮತ್ತೆ ಬರೆದುಕೊಳ್ಳುತ್ತೇನೆ, ಏಕೆಂದರೆ ಅದಕ್ಕೇ ಉತ್ತರ ಕೊಡಬೇಕಾಗಿದೆ:

"ಮುರದ ತುಂಡು ತಿರುವಿದ್ರ ಬರೂದಿಲ್ಲ. ಗುಂಬಾ ಕೆಳಗ ಇಳಿಸಿ, ಮುಂದಿಂದ ಬಡದು ಹಿಂದ ಕೆಡವು. ಕೆಡವಿದ ಮ್ಯಾಲ ಒಗೀಬ್ಯಾಡ. ಡಿಸೇಲಿನ್ಯಾಗ ತೊಳದ ನೋಡು. ಮೈ ಸವದಿತ್ತಂದ್ರ ಗಾಲಿ ಸಡಲ ಇತ್ತಂತ ತಿಳಕೊ. ಸವದಿರಲಿಲ್ಲಂದ್ರ ನಾ ಬಿಗಿ ಮಾಡಿದ್ದು ಖರೇ, ಬೋಲ್ಟ್ ಹಳೇದಾಗಿ ಮುರದಾವು. ಮೂರೂ ತುಂಡು ನನಗ ಕಳಸು. ನಾ ನೋಡಬೇಕು."

ಬರುತ್ತೀ ಎಂದೂ ಬರೆದಿಲ್ಲ, ಬರುವುದಿಲ್ಲ ಎಂದೂ ಬರೆದಿಲ್ಲ. ಬನ್ನಿಯ ಸುದ್ದಿಯೂ ಇಲ್ಲ.

ಸುದ್ದಿ ಹೇಳುತ್ತೇನೆ. ಗುಂಬ ಇಳಿಸಲು ಎರಡು ರವಿವಾರ ಹಿಡಿಯಿತು. ತುಂಡಿನ ಮೇಲೆ ದಪ್ಪ ಕಬ್ಬಿಣದ ಗೂಟವಿಟ್ಟು ಬಡಿದೆ. ಮೊದಲನೆಯದು ಹದಿನೆಂಟನೆಯ ಏಟಿಗೆ ಹಿಂದೆ ಬಿತ್ತು, ಎರಡನೆಯದು ಬೇಗ ಒಪ್ಪಿತು. ಮೂರನೆಯದು ನನ್ನ ಹೆಬ್ಬೆರಳನ್ನು ಬಲಿ ತೆಗೆದುಕೊಂಡ ಮೇಲೆ ಬಂತು. ಅಣ್ಣ ದೂರದಲ್ಲಿ ನಿಂತು ನೋಡುತ್ತಿದ್ದವನು ಕೊನೆಗೆ ಬಂದು ಗೂಟ ಹಿಡಿದುಕೊಂಡ. "ನೀ ಬಡಿ, ನಾ ಹಿಡೀತೀನಿ. ನಿನಗ ಎರಡೂ ಆಗೂದಿಲ್ಲ" ಎಂದ.

ಆ ಮೂರನೆಯ ತುಂಡಿನ ಹೊತ್ತಿಗೆ ಅವ್ವ ಕೋಲೂರಿಕೊಂಡು ಬಂದಿದ್ದಳು. ಕಲ್ಲಿನ ಮೇಲೆ ಕೂತು ನ‌ನ್ನನ್ನೇ ನೋಡುತ್ತಿದ್ದಳು. ತನ್ನಷ್ಟಕ್ಕೆ ಎಂಬಂತೆ ಹೇಳಿದಳು: "ಆ ದಿನಾನೂ ನೀ ಹಿಂಗ ಕುಂತಿದ್ದಿ ನೋಡು, ಇದ ಗಾಲಿ ಮುಂದ. ನಾ ಬುಟ್ಟಿ ಹಿಡಕೊಂಡು ಕಟ್ಟಿಮ್ಯಾಗ ಕುಂತಿದ್ದೆ."

ಅಣ್ಣ ನನ್ನ ಮುಖ ನೋಡಿದ. ನಾನು ತುಂಡು ತೊಳೆಯಲು ಎದ್ದು ಹೋದೆ.

ತೊಳೆದೆ. ನೀನು ಕೇಳಿದ್ದಕ್ಕೆ ಉತ್ತರ: ಮೂರೂ ಸವೆದಿವೆ. ಹಲ್ಲುಜ್ಜಿ ಒಗೆದ ಬೇವಿನ ಕಡ್ಡಿಯಂತೆ ಒಂದೇ ಬದಿಗೆ ಸವೆದಿವೆ, ಸುರುಳಿಯ ಗೆರೆ ಅಲ್ಲಿ ಬೆರಳಿಗೆ ಸಿಗುವುದಿಲ್ಲ. ಅಂದರೆ ಗಾಲಿ ಸಡಿಲಿತ್ತು. ನೀನು ಹೇಳಿದಂತೆ ಮೂರನ್ನೂ ಹಳೆಯ ಧೋತರದ ಚೂರಿನಲ್ಲಿ ಕಟ್ಟಿ ಈ ಪತ್ರದ ಜೊತೆ ಕಳಿಸುತ್ತಿದ್ದೇನೆ.

ಜೀಪು ಈಗ ಬೇವಿನ ಮರದ ಕೆಳಗೆ ಇದೆ. ಹೊಸ ಬೋಲ್ಟು ಹಾಕಿ, ನಾಲ್ಕೂ ಗಾಲಿಯ ಮೇಲೆ ಅಣ್ಣನೂ ನಾನೂ ತಳ್ಳಿಕೊಂಡು ಹೋದೆವು. ಶೆಡ್ಡಿನ ಹಿಂದೆ ಟ್ರೇಲರ್ ನಿಂತಿದೆ. ಭಂಗಾರದವನು ಬಂದಿದ್ದ. ಅಣ್ಣ ಅವನಿಗೆ, "ಮುಂದಿನ ವರ್ಷ ಬಾ" ಎಂದ. ಕೋಳಿಗಳಿಗೆ ಸೀಟು ಮರಳಿ ಸಿಕ್ಕಿದೆ.

ಸುಂದರಾಬಾಯಿಯ ಮಂಡಿನೋವಿಗೆ ರಾಜೇಶ್ವರಿ ಎಳ್ಳೆಣ್ಣೆಯ ಯಾವುದೋ ಮದ್ದು ಹೇಳಿದ್ದಾಳೆ, ಸಪನಾಳ ಕಡೆ ಕಳಿಸುತ್ತಾಳಂತೆ. ಸಪನಾಗೆ ನನ್ನ ಆಶೀರ್ವಾದ. ಹುಡುಗಿ ಚೊಕ್ಕ ಇದ್ದಾಳೆ, ನಿನ್ನಂತೆ ಕಡಿಮೆ ಮಾತಾಡುವುದಿಲ್ಲ, ಅದು ತಾಯಿಯ ಪುಣ್ಯ. ನಿನ್ನ ಕಿವಿಗೆ ಕೊಲ್ಲಾಪುರದಲ್ಲಿ ಒಮ್ಮೆ ತೋರಿಸಿಕೋ. ಎಲ್ಲರೂ ಸುಖವಾಗಿರಿ. ನಿಮ್ಮ ಮನೆಯಲ್ಲಿ ದೀಪ ಸಣ್ಣದಾಗದಿರಲಿ.

ನಿನ್ನ,
ದುಂಡೇಶ

ತಾ.ಕ.: ಗ್ಯಾನೂ, ಪೊಟ್ಟಣ ಹೊಲಿದಿದ್ದೆ. ಮತ್ತೆ ಬಿಚ್ಚಿದ್ದೇನೆ.

ಈ ತುಂಡುಗಳನ್ನು ಹೀಗೆಯೇ ಕಳಿಸಿದರೆ ಅವು ನಿನ್ನ ಮೇಲೆ ಸುಳ್ಳುಸಾಕ್ಷಿ ಹೇಳುತ್ತವೆ. ಗಾಲಿ ಸಡಿಲಿತ್ತು ಎನ್ನುವುದಷ್ಟೇ ಅವಕ್ಕೆ ಗೊತ್ತು. ಸಡಿಲು ಮಾಡಿದವರು ಯಾರೆಂದು ಗೊತ್ತಿಲ್ಲ. ಅದು ನಾನು.

ಹಿಂದಿನ ಸಂಜೆ ಜೀಪು ತಂದುಕೊಟ್ಟು ನೀನು ಹೇಳಿದ್ದೆ: "ಗಾಲಿ ಬಿಚ್ಚಿ ಹಾಕಿದ್ದು, ನಾಳಿ ಮುಂಜಾನೆ ನಾನ ಬಂದು ಒಮ್ಮೆ ನಟ್ಟು ನೋಡ್ತೀನಿ. ಅಲ್ಲೀತನಕ ಗಾಡಿ ತಗೀಬ್ಯಾಡ." ನೀನು ಬರುವುದು ಅರ್ಧ ತಾಸು ತಡವಾಯಿತು. ಅವ್ವ ಉಪವಾಸ ಇದ್ದಳು, ಅವಸರ ಮಾಡುತ್ತಿದ್ದಳು. ನಟ್ಟು ಬಿಗಿ ಮಾಡಲು ಎಂ.ಎ. ಓದಿದವನಿಗೆ ಬಾರದೇ ಎಂದುಕೊಂಡು ನಾನೇ ಪಾನಾ ಹಿಡಿದೆ. ಮುಂದಿನ ಬಲಗಡೆಯ ಐದೂ ಅಲ್ಲಾಡಲಿಲ್ಲ. ಎಡಗಡೆಗೆ ಬಂದು ಹಾಗೆಯೇ ಬಲಕ್ಕೆ ತಿರುವಿದೆ. ಪಾನಾದ ಮೇಲೆ ಹತ್ತಿ ನಿಂತೆ. ಒಂದೊಂದೂ ಕಟಕ್ ಎಂದು ಸ್ವಲ್ಪ ತಿರುಗಿತು. ಬಿಗಿಯಾಯಿತು ಎಂದುಕೊಂಡು ಅಷ್ಟಕ್ಕೆ ಬಿಟ್ಟೆ. ಹಿಂದಿನ ಗಾಲಿಗಳಿಗೆ ಹೋಗುವಷ್ಟರಲ್ಲಿ ಅವ್ವ "ಹೊತ್ತಾತೋ" ಎಂದು ಕರೆದಳು.

ಗಾಲಿ ಕಳಚಿದ ಮೇಲೆ ಅಣ್ಣನಿಗೆ ನಾನೇ ಹೇಳಿದೆ, ಎಡಗಡೆ ನಟ್ಟು ಸಡಿಲ ಇದ್ದವು ಎಂದು. ಆಗ ನಾನು ಅದನ್ನು ನಂಬಿದ್ದೆ. ಪಾನಾ ಹಿಡಿದದ್ದು ನಾನು ಎಂದು ಮಾತ್ರ ಹೇಳಲಿಲ್ಲ. ಹೇಳಿದ್ದರೆ ನೀನು ಒಂದೇ ಮಾತಿಗೆ ತಿಳಿದುಕೊಳ್ಳುತ್ತಿದ್ದೆ. ಅಣ್ಣ ಬಂದು ನಿನ್ನ ಗ್ಯಾರೇಜು ಬಿಡಿಸಿದ. ಊರವರಿಗೆ ನಿನ್ನ ತಪ್ಪೆಂದು ನಂಬಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಯಾಕೆ ಬೇಕಾಗಲಿಲ್ಲ ಎನ್ನುವುದು ನಿನಗೂ ಗೊತ್ತು, ನನಗೂ ಗೊತ್ತು. ಅದೇ ತಪ್ಪು ನಮ್ಮ ಓಣಿಯ ಮಿಸ್ತ್ರಿಯದಾಗಿದ್ದರೆ ಒಂದು ವಾರದಲ್ಲಿ ಮರೆಯುತ್ತಿದ್ದರು.

ಉಲ್ಟಾ ಆಟೆಯ ವಿಷಯ ನಿನ್ನ ಕಾರ್ಡಿನಿಂದ ತಿಳಿಯಿತು ಎಂದು ಬರೆದೆನಲ್ಲ, ಅದು ಸುಳ್ಳು. ಗಾಲಿ ಕಳಚಿದ ಎಂಟು ತಿಂಗಳಿಗೇ ನನಗೆ ಗೊತ್ತಾಗಿತ್ತು. ಕಾಲೇಜಿನ ಶಿಬಿರಕ್ಕೆಂದು ಹೋಗುವಾಗ ಅಥಣಿಯ ಹತ್ತಿರ ಬೇರೊಂದು ಹಳೆಯ ಜೀಪು ಪಂಕ್ಚರ್ ಆಯಿತು. ಡ್ರೈವರು ಎಡಗಡೆ ನಟ್ಟನ್ನು ತಿರುಗಾ ತಿರುವುವುದು ನೋಡಿ ಯಾಕೆಂದು ಕೇಳಿದೆ. "ಈ ಕಡೀದು ಉಲ್ಟಾ ರೀ ಸರ. ಗೊತ್ತಿಲ್ಲದಾವ್ರು ಬಿಗಿ ಮಾಡಾಕ ಹೋಗಿ ಸಡಲ ಮಾಡಿ ಇಡ್ತಾರ" ಎಂದ. ರಸ್ತೆಯ ಬದಿಗೆ ಕೂತುಬಿಟ್ಟೆ. ಅವನು ಬಿಸಿಲು ಹೊಡೆಯಿತೆಂದು ನೀರು ಕೊಟ್ಟ.

ಆ ವಾರವೇ ನೀವು ಊರು ಬಿಟ್ಟಿರಿ. ಹೇಳಬೇಕೆಂದೇ ಏಕಸಂಬಿಯ ಬಸ್ ಸ್ಟ್ಯಾಂಡಿಗೆ ಬಂದಿದ್ದೆ. ಗಂಟುಮೂಟೆ, ಸುಂದರಾಬಾಯಿ, ತೊಡೆಯ ಮೇಲೆ ಮಲಗಿದ ಸಪನಾ. ಬಸ್ಸಿಗೆ ನಲವತ್ತು ನಿಮಿಷವಿತ್ತು. ನಾನು ಚಹಾ ತಂದೆ. ನೀನು ಕುಡಿಯದೆ ಕಪ್ಪನ್ನು ಹಿಡಿದುಕೊಂಡು ಕೇಳಿದೆ: "ಮಾಸ್ತರ, ನಾ ಬಿಗಿ ಮಾಡಿದ್ದೆ ಅಂತ ನೆನಪೈತಿ. ಖರೇ ಮಾಡಿದ್ದೆನೇನ?"

ನಾನು ಏನು ಹೇಳಿದೆ, ನಿನಗೆ ನೆನಪಿದೆ. ನಿನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದೆ: "ಆಗ್ತೈತಿ ಬಿಡೋ. ಎಲ್ಲಾರೂ ಮರೀತಾರ. ನನಗೇನು ಸಿಟ್ಟಿಲ್ಲ."

ನಿನ್ನ ಕಣ್ಣಲ್ಲಿ ನೀರು ಬಂತು. ನನ್ನ ತಪ್ಪಿಗೆ ನಾನು ನಿನ್ನನ್ನು ಕ್ಷಮಿಸಿದೆ, ನೀನು ಆ ಕ್ಷಮೆಯನ್ನು ಎರಡೂ ಕೈಯಿಂದ ತೆಗೆದುಕೊಂಡೆ.

ಈ ಪತ್ರಗಳನ್ನು ಶುರು ಮಾಡಿದ್ದೂ ಅದೇ ಹೇಡಿತನದಿಂದ. ನಟ್ಟು ಎಡಕ್ಕೆ ತಿರುವಿದರೆ ಬಿಗಿಯಾಗುತ್ತದೆ ಎಂದು ಬರೆದರೆ ನೀನೇ ಎಲ್ಲವನ್ನೂ ಜೋಡಿಸಿಕೊಂಡು, 'ಆ ದಿನ ಪಾನಾ ಹಿಡದಾಂವ ನೀನೇನ' ಎಂದು ಕೇಳುತ್ತೀ, ನಾನು ಹೌದು ಎಂದರೆ ಮುಗಿಯಿತು ಎಂದುಕೊಂಡಿದ್ದೆ. ನೀನು ನನ್ನನ್ನು ಕೇಳಲೇ ಇಲ್ಲ. ನೀನು ಮತ್ತೆ ನಿನ್ನ ಕೈಯನ್ನೇ ಕೇಳಿಕೊಂಡೆ.

ಇವತ್ತು ಮುಂಜಾನೆ ಅವ್ವನಿಗೂ ಅಣ್ಣನಿಗೂ ಹೇಳಿದೆ. ಅಣ್ಣ ಎದ್ದು ಹೊಲಕ್ಕೆ ಹೋದವನು ಇನ್ನೂ ಬಂದಿಲ್ಲ. ಅವ್ವ ಕೋಲನ್ನು ಈ ಕೈಯಿಂದ ಆ ಕೈಗೆ ತೆಗೆದುಕೊಂಡು, "ನನಗ ಯಾಕ ಹೇಳ್ತಿ? ಅವಂಗ ಹೇಳು" ಎಂದಳು.

ಹೇಳುತ್ತಿದ್ದೇನೆ. ಕ್ಷಮೆ ಕೇಳುವುದಿಲ್ಲ. ಆ ಮಾತನ್ನು ನಾನು ಬಸ್ ಸ್ಟ್ಯಾಂಡಿನಲ್ಲಿ ಕೆಡಿಸಿಟ್ಟಿದ್ದೇನೆ. ನೀನು ಬರದಿದ್ದರೂ, ಇನ್ನೊಂದು ಕಾರ್ಡು ಹಾಕದಿದ್ದರೂ ಸರಿ. ಆದರೆ ತುಂಡುಗಳಿಗೆ ಗೊತ್ತಿಲ್ಲದ ಒಂದು ಸಂಗತಿ ನಿನಗೆ ಸೇರಬೇಕು. ಸಡಿಲ ಬಿಟ್ಟ ನಟ್ಟು ಸುಮ್ಮನೆ ತಿರುಗುತ್ತದೆ, ಕಟಕ್ ಎನ್ನುವುದಿಲ್ಲ. ಆ ಮುಂಜಾನೆ ಐದೂ ಕಟಕ್ ಎಂದವು. ಕೇಳಿಸಿಕೊಂಡವನು ನಾನೊಬ್ಬನೇ. ನೀನು ಐದನ್ನೂ ಬಿಗಿ ಮಾಡಿದ್ದೆ ಗ್ಯಾನೂ. ಎಷ್ಟು ಬಿಗಿ ಎಂದರೆ, ನಾನು ಪಾನಾದ ಮೇಲೆ ನಿಂತು ಬಿಚ್ಚಬೇಕಾಯಿತು.